ಕೊನೆಯ ಮಾತು ಯಾರದು? ಕನ್ನಂಬಾಡಿ ಐತೀರ್ಪಿನ ಕಥೆ

ನಮ್ಮ ತಾತ ಊರಿನ ಪಂಚಾಯ್ತಿಗಳಲ್ಲಿ ಕೂರುತ್ತಿದ್ದವರು. ಮಂಡ್ಯದ ಕಡೆ, ನಾಲೆ ಬಯಲಿನ ಊರು ನಮ್ಮದು. ಅಲ್ಲಿ ಜಗಳ ಅಂದ್ರೆ ಮುಖ್ಯವಾಗಿ ಎರಡೇ. ಒಂದು ಬದುವಿನದು, ಇನ್ನೊಂದು ನೀರಿನದು. ಒಮ್ಮೆ ಅಣ್ಣತಮ್ಮಂದಿರ ಪಾಲಿನ ಜಗಳ ಬಂತಂತೆ. ಪಂಚರು ಹೇಳಿದ್ದಕ್ಕೆ ಬದ್ಧ ಅಂತ ಇಬ್ಬರೂ ಮೊದಲೇ ಮುಚ್ಚಳಿಕೆ ಬರೆದುಕೊಟ್ಟರು. ಪಂಚರು ಮೂರು ದಿನ ಕೂತು, ಗದ್ದೆ ಅಳೆದು, ತೂಬಿನ ಪಕ್ಕದ ಗದ್ದೆ ತಮ್ಮನಿಗೆ, ತೆಂಗಿನ ತೋಟ ಅಣ್ಣನಿಗೆ ಅಂತ ತೀರ್ಮಾನ ಮಾಡಿದರು. ಅಣ್ಣ ತಲೆಯಾಡಿಸಿ ಮನೆಗೆ ಹೋದ. ವಾರದ ಮೇಲೆ ಪಕ್ಕದ ಊರಿನ ದೊಡ್ಡ ಜಮೀನ್ದಾರರಿಂದ ಪಂಚರಿಗೆ ಹೇಳಿಕಳಿಸಿದ್ದಾಯ್ತು: ‘ಇನ್ನೊಂದ್ಸಲ ಕೂತು ನೋಡಿ’ ಅಂತ. ಆ ಜಮೀನ್ದಾರರು ಅಣ್ಣನ ಹೆಂಡತಿಯ ದೊಡ್ಡಪ್ಪ!

ತಾತ ಟವೆಲ್ ಕೊಡವಿಕೊಂಡು ಎದ್ದು ಬಂದರಂತೆ. ನಾನು ಚಿಕ್ಕವನಿದ್ದಾಗ ಈ ಕಥೆ ಹೇಳಿ, ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: ‘ತೀರ್ಮಾನದಾಗೆ ತೆಪ್ಪಿದ್ರೆ ಕೇಳಾಕೆ ಇನ್ನೊಬ್ರು ಇರ್ಬೇಕು ಕಣ್ಲಾ, ಬ್ಯಾಡ ಅನ್ನಕಿಲ್ಲ. ಆದ್ರೆ ಕೇಳೋನು ಯಾರ ಮನೇಲಿ ಉಂಡು ಬಂದವ್ನೆ ಅಂತ ಮೊದ್ಲು ನೋಡ್ಬೇಕು.’

ಕಾವೇರಿ ವಿವಾದದ ಹಳೆಯ ಇತಿಹಾಸ ಓದುತ್ತಾ ಕೂತಾಗಲೆಲ್ಲ ನನಗೆ ತಾತನ ಈ ಮಾತು ನೆನಪಾಗುತ್ತೆ. ಕಾವೇರಿ ಅಂದ ಕೂಡಲೆ ನಮಗೆ 1991, 2002, 2012, 2016ರ ಗಲಾಟೆಗಳು ಕಣ್ಣ ಮುಂದೆ ಬರುತ್ತವೆ. ಆದರೆ ಅದಕ್ಕೂ ಬಹಳ ಮುಂಚೆ, 1914ರಲ್ಲಿ, ಇದೇ ನದಿಯ ಬಗ್ಗೆ ಒಂದು ಐತೀರ್ಪು ಬಂದಿತ್ತು. ಅದು ಬಹುಮಟ್ಟಿಗೆ ಮೈಸೂರಿನ ಕಡೆಗಿತ್ತು. ಐದು ವರ್ಷದ ಮೇಲೆ ಅದನ್ನು ಬುಡಮೇಲು ಮಾಡಲಾಯ್ತು. ಮಾಡಿದ್ದು ಯಾವ ಕೋರ್ಟೂ ಅಲ್ಲ. ಇವತ್ತು ಆ ಕಥೆ ಹೇಳೋಣ ಅಂತ.

ಮೊದಲು ಪದದ ವಿಷಯ. ‘ಐತೀರ್ಪು’ ಅನ್ನೋದು ನಮಗೆಲ್ಲ ಪತ್ರಿಕೆಗಳಿಂದ ಪರಿಚಯವಾದ ಪದ. ಐವರ ತೀರ್ಪು, ಅಂದ್ರೆ ಪಂಚರ ತೀರ್ಪು. ಇದು ಕೋರ್ಟಿನ ತೀರ್ಪಿಗಿಂತ ಬೇರೆ ಜಾತಿಯದು. ಜಗಳದ ಎರಡೂ ಕಡೆಯವರು ‘ಕೋರ್ಟು ಬೇಡ, ಇವರು ಹೇಳಿದ್ದಕ್ಕೆ ಒಪ್ಪಿದ್ದೇವೆ’ ಅಂದ ಮೇಲೆ ಬರುವ ತೀರ್ಪು. ಹಾಗಾಗಿ ಅದರ ಬಲವೆಲ್ಲ ಇರುವುದು ಅದು ‘ಕೊನೆಯದು’ ಅನ್ನೋದರಲ್ಲಿ. ಸೋತವನು ಮಾರನೇ ದಿನ ಇನ್ನೊಂದು ಬಾಗಿಲು ತಟ್ಟಬಹುದು ಅಂತಾದರೆ ಪಂಚಾಯ್ತಿಗೆ ಕೂರುವುದೇ ದಂಡ. ಹಾಗಂತ ಯಾರೂ ಕೇಳಲೇಬಾರದು ಅಂದ್ರೂ ಕಷ್ಟ. ಪಂಚ ಲಂಚ ತಿಂದಿದ್ದರೆ? ಒಂದು ಕಡೆಯವರ ಮಾತು ಕೇಳದೆಯೇ ಬರೆದಿದ್ದರೆ? ಒಪ್ಪಿಸದ ವಿಷಯಕ್ಕೆ ಕೈ ಹಾಕಿದ್ದರೆ? ಈ ಎರಡು ಭಯಗಳ ನಡುವೆಯೇ ಮಧ್ಯಸ್ಥಿಕೆ ಕಾನೂನು ನೂರಾರು ವರ್ಷಗಳಿಂದ ತೂಗುಯ್ಯಾಲೆ ಆಡುತ್ತಾ ಬಂದಿದೆ.

ಈಗ ಕನ್ನಂಬಾಡಿಗೆ ಹೋಗೋಣ.

1892ರ ಫೆಬ್ರವರಿ 18ರಂದು ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಸರ್ಕಾರಕ್ಕೂ ಒಂದು ಒಪ್ಪಂದವಾಯ್ತು. ಪಟ್ಟಿಯಲ್ಲಿ ಹೆಸರಿಸಿದ ನದಿಗಳ ಮೇಲೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಮೊದಲೇ ಪಡೆಯಬೇಕು. ಮದ್ರಾಸ್ ಕೂಡ ಸುಮ್ಮಸುಮ್ಮನೆ ‘ಆಗಲ್ಲ’ ಅನ್ನೋ ಹಾಗಿಲ್ಲ. ತನ್ನ ರೈತರು ಆಗಲೇ ಅನುಭವಿಸುತ್ತಿರುವ ರೂಢಿಯ ಹಕ್ಕಿಗೆ ಧಕ್ಕೆ ಬರುತ್ತೆ ಅನ್ನೋ ಕಾರಣಕ್ಕೆ ಮಾತ್ರ ನಿರಾಕರಿಸಬಹುದು. ಭಿನ್ನಾಭಿಪ್ರಾಯ ಬಂದರೆ? ನಾಲ್ಕನೇ ನಿಯಮ ಅದಕ್ಕೇ ಇತ್ತು. ಎರಡೂ ಸರ್ಕಾರಗಳು ನೇಮಿಸಿದ ಮಧ್ಯಸ್ಥಗಾರರ, ಇಲ್ಲವೇ ಭಾರತ ಸರ್ಕಾರದ ಅಂತಿಮ ತೀರ್ಮಾನಕ್ಕೆ ಒಪ್ಪಿಸಬೇಕು. ‘ಅಂತಿಮ’ ಅನ್ನೋ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1910ರಲ್ಲಿ ಮೈಸೂರು ಕನ್ನಂಬಾಡಿಯ ಹತ್ತಿರ ದೊಡ್ಡ ಅಣೆಕಟ್ಟಿನ ಯೋಜನೆ ಮುಂದಿಟ್ಟಿತು. ಆಗ ಸಂಸ್ಥಾನದ ಚೀಫ್ ಇಂಜಿನಿಯರ್ ಆಗಿದ್ದವರು ಎಂ. ವಿಶ್ವೇಶ್ವರಯ್ಯನವರು (1912ರಲ್ಲಿ ದಿವಾನರಾದರು). 41.5 ಟಿಎಂಸಿ ನೀರು ನಿಲ್ಲಿಸುವ ಯೋಜನೆ ಅದು. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಕೋಲಾರದ ಗಣಿಗಳಿಗೆ ಶಿವನಸಮುದ್ರದಿಂದ ಹೋಗುತ್ತಿದ್ದ ವಿದ್ಯುತ್ತಿಗೆ ವರ್ಷವಿಡೀ ನೀರು ಬೇಕಿತ್ತು, ಮಂಡ್ಯದ ಒಣಭೂಮಿಗೂ ನೀರು ಬೇಕಿತ್ತು. ಮದ್ರಾಸಿಗೆ ಮೆಟ್ಟೂರಿನಲ್ಲಿ ತನ್ನದೇ ದೊಡ್ಡ ಜಲಾಶಯದ ಯೋಚನೆ ಇತ್ತು. ಒಪ್ಪಲಿಲ್ಲ. ಭಾರತ ಸರ್ಕಾರ ನಡುವೆ ಬಂದು ಸದ್ಯಕ್ಕೆ 11 ಟಿಎಂಸಿಯಷ್ಟು ಕಟ್ಟಿಕೊಳ್ಳಿ ಅಂತ ಮೈಸೂರಿಗೆ ಹೇಳಿತು. ಮೈಸೂರು 1911ರಲ್ಲಿ ಕೆಲಸ ಶುರು ಮಾಡಿತು. ಆದರೆ ಅಡಿಪಾಯವನ್ನು ಪೂರ್ತಿ ಎತ್ತರದ ಕಟ್ಟೆಗೆ ಬೇಕಾದಷ್ಟು ಅಗಲಕ್ಕೇ ಹಾಕಿತು! ಇದು ಜಾಣತನವೋ ಹಟವೋ ನೀವೇ ಹೇಳಿ. ಮದ್ರಾಸಿಗೆ ಮಾತ್ರ ಇದು ಹಿಡಿಸಲಿಲ್ಲ.

ಕೊನೆಗೆ ನಾಲ್ಕನೇ ನಿಯಮದ ಪ್ರಕಾರ ವಿಷಯ ಮಧ್ಯಸ್ಥಿಕೆಗೆ ಹೋಯ್ತು. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಸರ್ ಎಚ್. ಡಿ. ಗ್ರಿಫಿನ್ ಮಧ್ಯಸ್ಥಗಾರರು. ನೀರಿನ ಲೆಕ್ಕಾಚಾರದಲ್ಲಿ ನೆರವಾಗಲು ಭಾರತ ಸರ್ಕಾರದ ನೀರಾವರಿ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದ ನೆದರ್‌ಸೋಲ್. ನ್ಯಾಯ ಗೊತ್ತಿದ್ದವರೊಬ್ಬರು, ನೀರು ಗೊತ್ತಿದ್ದವರೊಬ್ಬರು. 1913ರ ಜುಲೈನಲ್ಲಿ ವಿಚಾರಣೆ ಶುರುವಾಗಿ 1914ರ ಮೇ 12ರಂದು ಐತೀರ್ಪು ಬಂತು. ಅವರು ಹಿಡಿದ ದಾರಿ ನಮ್ಮೂರಿನ ನೀರಗಂಟಿಗೂ ಅರ್ಥವಾಗುವಂಥದ್ದು. ಕೆಳಗಿನವರ ಹಳೆಯ ಗದ್ದೆಗಳಿಗೆ ಎಷ್ಟು ನೀರು ಬೇಕೋ ಅಷ್ಟು ಮೊದಲು ಹೋಗಲಿ. ಮದ್ರಾಸಿನ ಕಡೆಯ ಮೇಲಣೆಯಲ್ಲಿ ಅಳತೆಗೋಲು ಇಷ್ಟು ಅಡಿ ತೋರಿಸುವ ತನಕ ಮೈಸೂರು ನೀರು ಹಿಡಿಯುವಂತಿಲ್ಲ. ಅದಕ್ಕಿಂತ ಹೆಚ್ಚು ಬಂದದ್ದನ್ನು ಕನ್ನಂಬಾಡಿಯಲ್ಲಿ ನಿಲ್ಲಿಸಿಕೊಳ್ಳಬಹುದು. ಅಂದ್ರೆ ಮದ್ರಾಸಿನ ರೂಢಿಯ ಹಕ್ಕಿಗೂ ಬೆಲೆ, ಮೈಸೂರಿನ ಅಣೆಕಟ್ಟಿಗೂ ಜಾಗ.

ಮದ್ರಾಸಿಗೆ ಆ ಅಳತೆಯೇ ಸಾಲದು ಅನ್ನಿಸಿತು. ಭಾರತ ಸರ್ಕಾರಕ್ಕೆ ಮೊರೆ ಹೋಯ್ತು. ಭಾರತ ಸರ್ಕಾರ ಎಲ್ಲ ನೋಡಿ 1916ರ ಮಾರ್ಚ್‌ನಲ್ಲಿ ಐತೀರ್ಪನ್ನು ಎತ್ತಿಹಿಡಿಯಿತು. 1892ರ ನಿಯಮದ ಭಾಷೆಯಲ್ಲೇ ಹೇಳೋದಾದ್ರೆ ಈಗ ಎರಡೆರಡು ‘ಅಂತಿಮ’ಗಳಾದವು. ಮಧ್ಯಸ್ಥಗಾರರದೂ ಆಯ್ತು, ಭಾರತ ಸರ್ಕಾರದ್ದೂ ಆಯ್ತು. ಮುಗಿಯಿತು ತಾನೇ?

ಮುಗಿಯಲಿಲ್ಲ. ಮದ್ರಾಸ್ ಸೀದಾ ಲಂಡನ್ನಿಗೆ ಹೋಯ್ತು. ಅಲ್ಲಿ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಂತ್ರಿಗೆ ‘ಸೆಕ್ರೆಟರಿ ಆಫ್ ಸ್ಟೇಟ್’ ಅಂತ ಹೆಸರು. ಆಗ ಆ ಕುರ್ಚಿಯಲ್ಲಿದ್ದವರು ಎಡ್ವಿನ್ ಮಾಂಟೆಗ್ಯು, ನಮ್ಮ ಶಾಲಾ ಪಠ್ಯಗಳ ಮಾಂಟೆಗ್ಯು-ಚೆಮ್ಸ್‌ಫರ್ಡ್ ಸುಧಾರಣೆಯವರೇ. 1919ರ ನವೆಂಬರ್‌ನಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಡೆಯಿಂದ ಉತ್ತರ ಬಂತು: ಈ ಐತೀರ್ಪನ್ನು ಒಪ್ಪಲಾಗದು, ವಿಷಯವನ್ನು ಮತ್ತೆ ತೆರೆಯಬೇಕು.

ಈಗ ತಾತನ ಪ್ರಶ್ನೆ ಕೇಳಿ ನೋಡಿ. ಕೇಳಿದವನು ಯಾರ ಮನೇಲಿ ಉಂಡು ಬಂದವನು?

ಇಲ್ಲಿ ಕಾನೂನಿನ ಒಂದು ಸಣ್ಣ ಸಂಗತಿ ಇದೆ, ಆದರೆ ನನಗೆ ಅದೇ ಇಡೀ ಕಥೆಯ ತಿರುಳು. ಆ ಕಾಲದಲ್ಲಿ ಬ್ರಿಟಿಷ್ ಇಂಡಿಯಾದ ಸರ್ಕಾರದ ಮೇಲೆ ಯಾರಾದರೂ ದಾವೆ ಹೂಡಬೇಕಾದರೆ ಪ್ರತಿವಾದಿಯ ಹೆಸರು ಏನು ಬರೆಯಬೇಕಿತ್ತು ಗೊತ್ತೇ? ‘ಸೆಕ್ರೆಟರಿ ಆಫ್ ಸ್ಟೇಟ್ ಫಾರ್ ಇಂಡಿಯಾ ಇನ್ ಕೌನ್ಸಿಲ್’ ಅಂತ! ಮದ್ರಾಸಿನಲ್ಲಿ ಒಬ್ಬ ರೈತ ಸರ್ಕಾರದ ಮೇಲೆ ಕೇಸು ಹಾಕಿದರೂ ಇದೇ ಹೆಸರು. ಅಂದ್ರೆ ಕಾನೂನಿನ ಕಣ್ಣಲ್ಲಿ ಮದ್ರಾಸ್ ಸರ್ಕಾರ ಅಂದ್ರೂ ಒಂದೇ, ಲಂಡನ್ನಿನ ಆ ಮಂತ್ರಿ ಅಂದ್ರೂ ಒಂದೇ. ಮೈಸೂರು ಗೆದ್ದ ಮೊಕದ್ದಮೆಯನ್ನು ಮರುಪರಿಶೀಲಿಸಿದ್ದು ಮೊಕದ್ದಮೆಯಲ್ಲಿ ಸೋತವರ ಯಜಮಾನ. ನಮ್ಮೂರಿನ ಜಮೀನ್ದಾರ ದೊಡ್ಡಪ್ಪನಿಗೂ ಇವರಿಗೂ ಇರುವ ವ್ಯತ್ಯಾಸ ಕೋಟು ಹ್ಯಾಟಿನದು ಮಾತ್ರ.

‘ಆ ಕಾಲ ಹಾಗಿತ್ತು, ಐತೀರ್ಪಿಗೆ ಬೆಲೆ ಕೊಡೋ ಪದ್ಧತಿಯೇ ಇರಲಿಲ್ಲ’ ಅಂತ ಅನ್ನೋ ಹಾಗೂ ಇಲ್ಲ. ಅದೇ ಹೊತ್ತಿಗೆ ಮುಂಬಯಿಯಲ್ಲಿ ಇನ್ನೊಂದು ಮಧ್ಯಸ್ಥಿಕೆ ನಡೆದಿತ್ತು. ಚಾಂಪ್ಸಿ ಭಾರಾ ಅನ್ನೋ ಹತ್ತಿ ವ್ಯಾಪಾರದ ಕಂಪನಿಗೂ ಜೀವರಾಜ್ ಬಲ್ಲೂ ಅನ್ನೋ ನೂಲಿನ ಗಿರಣಿಗೂ ಹತ್ತಿಯ ಗುಣಮಟ್ಟದ ಬಗ್ಗೆ ತಕರಾರು. ಮಧ್ಯಸ್ಥಗಾರರ ತೀರ್ಪಿನಲ್ಲಿ ಕಾನೂನಿನ ತಪ್ಪಿದೆ ಅಂತ ಕೇಸು ಕೋರ್ಟು ಹತ್ತಿ, ಲಂಡನ್ನಿನ ಪ್ರೀವಿ ಕೌನ್ಸಿಲ್ ತನಕ ಹೋಯ್ತು. 1923ರಲ್ಲಿ ಪ್ರೀವಿ ಕೌನ್ಸಿಲ್ ಒಂದು ಗೆರೆ ಎಳೆಯಿತು. ಐತೀರ್ಪಿನ ಕಾಗದದ ಮೇಲೆಯೇ, ಇಲ್ಲವೇ ಅದರೊಳಗೆ ಸೇರಿಸಿಕೊಂಡ ದಾಖಲೆಯಲ್ಲೇ, ತೀರ್ಮಾನಕ್ಕೆ ಆಧಾರವಾದ ಕಾನೂನಿನ ತಪ್ಪು ಎದ್ದು ಕಾಣುತ್ತಿದ್ದರೆ ಮಾತ್ರ ಕೋರ್ಟು ಕೈ ಹಾಕಬಹುದು. ‘ನಾವಾಗಿದ್ದರೆ ಬೇರೆ ಥರ ತೀರ್ಮಾನಿಸುತ್ತಿದ್ದೆವು’ ಅನ್ನೋದು ಕಾರಣವೇ ಅಲ್ಲ. ಈ ನಿಯಮವನ್ನು ಭಾರತದ ಕೋರ್ಟುಗಳು ಮುಂದೆ ದಶಕಗಳ ಕಾಲ ಪಾಲಿಸಿದವು.

ಒಂದೇ ಊರು ಲಂಡನ್, ನಾಲ್ಕೇ ವರ್ಷಗಳ ಅಂತರ. ಹತ್ತಿ ಮೂಟೆಯ ಐತೀರ್ಪಿಗೆ ಸಿಕ್ಕ ರಕ್ಷಣೆ ಒಂದು ಸಂಸ್ಥಾನದ ನದಿಯ ಐತೀರ್ಪಿಗೆ ಸಿಗಲಿಲ್ಲ. ಹತ್ತಿಯವರಿಗೆ ಕೋರ್ಟಿತ್ತು, ಕೋರ್ಟಿಗೆ ತನ್ನದೇ ಕಟ್ಟುಪಾಡು ಇತ್ತು. ಮೈಸೂರಿಗೆ ಹೋಗಲು ಯಾವ ಕೋರ್ಟೂ ಇರಲಿಲ್ಲ. ಇದ್ದದ್ದು ಮೇಲಿನವರ ಮರ್ಜಿ.

ಮುಂದೇನಾಯ್ತು? ಮತ್ತೊಂದು ಮಧ್ಯಸ್ಥಿಕೆಗೆ ಹೋಗುವ ಬದಲು ಎರಡೂ ಕಡೆಯವರು ಮಾತುಕತೆಗೆ ಕೂತರು. ಒಂದು ಕಡೆಯವರ ಕೈಯಲ್ಲಿದ್ದ ಐತೀರ್ಪು ರದ್ದಿಯಾದ ಮೇಲೆ ನಡೆಯುವ ಮಾತುಕತೆ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಅದರ ಫಲವೇ 1924ರ ಫೆಬ್ರವರಿ 18ರ ಒಪ್ಪಂದ. ಕನ್ನಂಬಾಡಿಗೆ 44.827 ಟಿಎಂಸಿ ಸಂಗ್ರಹಕ್ಕೆ ಒಪ್ಪಿಗೆ ಸಿಕ್ಕಿತು. ಅದರಡಿ ಮೈಸೂರು ಹೊಸದಾಗಿ 1,25,000 ಎಕರೆಗೆ ನೀರು ಕೊಡಬಹುದು. ಮದ್ರಾಸಿಗೆ ಮೆಟ್ಟೂರಿನಲ್ಲಿ 93.5 ಟಿಎಂಸಿ, ಹೊಸದಾಗಿ 3,01,000 ಎಕರೆ. ಐವತ್ತು ವರ್ಷದ ಮೇಲೆ, ಅಂದ್ರೆ 1974ರಲ್ಲಿ, ಕೆಲವು ಮಿತಿಗಳನ್ನು ಮತ್ತೆ ಪರಿಶೀಲಿಸಬಹುದು. ಕೆಆರ್‌ಎಸ್ 1931ರಲ್ಲಿ ಮುಗಿಯಿತು, ಮೆಟ್ಟೂರು 1934ರಲ್ಲಿ. ಮುಂದೆ ವಿವಾದ ಬಂದರೆ ಮತ್ತೆ ಮಧ್ಯಸ್ಥಿಕೆಗೇ ಒಪ್ಪಿಸಬೇಕು ಅಂತ ಈ ಒಪ್ಪಂದದಲ್ಲೂ ಬರೆದುಕೊಂಡರು ಅನ್ನೋದು ವಿಪರ್ಯಾಸ.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಗ್ರಿಫಿನ್ ಹೇಳಿದ್ದೇ ನೂರಕ್ಕೆ ನೂರು ಸರಿ ಅನ್ನೋದು ನನ್ನ ವಾದವಲ್ಲ. ತಂಜಾವೂರಿನ ರೈತರು ಕಾವೇರಿ ನೀರಲ್ಲಿ ಭತ್ತ ಬೆಳೆಯುತ್ತಿರುವುದು ಇವತ್ತು ನೆನ್ನೆಯಿಂದಲ್ಲ. ಕಲ್ಲಣೆಯ ವಯಸ್ಸು ಶತಮಾನಗಳಲ್ಲಿ ಎಣಿಸುವಂಥದ್ದು. ಅವರ ಭಯಕ್ಕೆ ಕಾರಣವಿತ್ತು. ಅವರ ಅಹವಾಲನ್ನು ಕೇಳಲು ಇನ್ನೊಂದು ಬಾಗಿಲು ಇರಬೇಕಿತ್ತು, ಅದೂ ಸರಿ. ನನ್ನ ತಕರಾರು ಆ ಬಾಗಿಲ ಹಿಂದೆ ಯಾರು ಕೂತಿದ್ದರು ಅನ್ನೋದರ ಬಗ್ಗೆ ಮಾತ್ರ.

ಸ್ವಾತಂತ್ರ್ಯ ಬಂತು. ಈಗ ಸುಪ್ರೀಂ ಕೋರ್ಟಿದೆ, ಇನ್ನು ಚಿಂತೆಯಿಲ್ಲ ಅಂದ್ಕೊಂಡ್ರಾ? ಸಂವಿಧಾನ ರಚಿಸಿದವರು ನದಿ ವಿವಾದಗಳನ್ನು ಬೇಕಂತಲೇ ಕೋರ್ಟಿನಿಂದ ದೂರ ಇಟ್ಟರು. 262ನೇ ವಿಧಿ ನೋಡಿ. ಸಂಸತ್ತು ಕಾನೂನು ಮಾಡಿ ಅಂತರರಾಜ್ಯ ನದಿ ವಿವಾದಗಳಲ್ಲಿ ಸುಪ್ರೀಂ ಕೋರ್ಟಿಗೂ ಅಧಿಕಾರ ಇಲ್ಲದಂತೆ ಮಾಡಬಹುದು. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯ 11ನೇ ಕಲಂ ಹಾಗೇ ಮಾಡಿತು. ವಿವಾದವನ್ನು ನ್ಯಾಯಮಂಡಳಿ ತೀರ್ಮಾನಿಸಬೇಕು, ಕೋರ್ಟು ಬೇಡ. ಕಾರಣವೂ ಅರ್ಥವಾಗುವಂಥದ್ದೇ. ನೀರಿನ ಜಗಳ ವರ್ಷಾನುಗಟ್ಟಲೆ ಕೋರ್ಟಿನಿಂದ ಕೋರ್ಟಿಗೆ ಅಲೆಯಬಾರದು ಅಂತ. ಎರಡು ಪಕ್ಷ ಒಪ್ಪಿ ಆರಿಸಿದ ಪಂಚಾಯ್ತಿ ಇದಲ್ಲ ನಿಜ, ಕಾನೂನೇ ಕೂರಿಸಿದ ಪಂಚಾಯ್ತಿ. ಆದರೂ ಅದರ ತೀರ್ಪಿಗೆ ಕನ್ನಡದಲ್ಲಿ ನಾವು ಕೊಟ್ಟ ಹೆಸರು ಐತೀರ್ಪು ಅಂತಲೇ.

1990ರ ಜೂನ್ 2ರಂದು ಕಾವೇರಿ ನ್ಯಾಯಮಂಡಳಿ ರಚನೆಯಾಯ್ತು. ಮಧ್ಯಂತರ ಪರಿಹಾರ ಕೊಡುವ ಅಧಿಕಾರ ತನಗಿಲ್ಲ ಅಂತ ಮಂಡಳಿ ಮೊದಲು ಹೇಳಿತು. ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 1991ರ ಜೂನ್ 25ರಂದು, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಬೇಕು ಅಂತ ಮಧ್ಯಂತರ ಆದೇಶ ಹೊರಡಿಸಿತು. ಆಗ ನಾವೇನು ಮಾಡಿದೆವು? ಬಂಗಾರಪ್ಪನವರ ಸರ್ಕಾರ ಜುಲೈ 25ರಂದು ಒಂದು ಸುಗ್ರೀವಾಜ್ಞೆ ತಂದಿತು. ನಮ್ಮ ಜಲಾಶಯದ ನೀರನ್ನು ನಮ್ಮ ರೈತರಿಗೆ ಕಾಯ್ದುಕೊಳ್ಳುವುದು, ಆದೇಶ ಏನೇ ಇರಲಿ ಅಂತ ಅದರ ಸಾರ. ಇಡೀ ರಾಜ್ಯ ಚಪ್ಪಾಳೆ ತಟ್ಟಿತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಸಲಹೆ ಕೇಳಿದರು. ನವೆಂಬರ್ 22ರಂದು ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಬಾಹಿರ ಅಂತ ಅಭಿಪ್ರಾಯ ಕೊಟ್ಟಿತು. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗುವುದು ಕಾನೂನಿನ ಆಳ್ವಿಕೆಗೆ ಒಪ್ಪುವುದಿಲ್ಲ ಅನ್ನೋದು ಅದರ ಮುಖ್ಯ ಮಾತುಗಳಲ್ಲೊಂದು.

ಈ ಜಾಗಕ್ಕೆ ಬಂದಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತೆ, ನಿಜ ಹೇಳ್ತೀನಿ. 1919ರಲ್ಲಿ ಮದ್ರಾಸಿನ ಪರವಾಗಿ ಲಂಡನ್ನಿನಲ್ಲಿ ನಡೆದದ್ದು ಅನ್ಯಾಯ ಅಂತ ಬರೆಯುವ ನಾವು, 1991ರಲ್ಲಿ ನಮ್ಮದೇ ವಿಧಾನಸೌಧದಲ್ಲಿ ಅದನ್ನೇ ಮಾಡಿದೆವಲ್ಲ? ಒಪ್ಪಿಗೆಯಾಗದ ಆದೇಶವನ್ನು ನಮ್ಮ ಯಜಮಾನನ ಕೈಯಲ್ಲೇ ಹೊಡೆದುಹಾಕಿಸಿದೆವು. ಆ ವರ್ಷದ ಡಿಸೆಂಬರ್‌ನಲ್ಲಿ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿ ನಡೆದ ಹಿಂಸೆಯನ್ನು ನೆನೆಸಿಕೊಂಡರೆ ಇವತ್ತಿಗೂ ತಲೆ ತಗ್ಗಿಸಬೇಕು. ಪೆಟ್ಟು ತಿಂದವರು ನಮ್ಮ ಪಕ್ಕದ ಬೀದಿಯಲ್ಲೇ ಇದ್ದ ಬಡ ತಮಿಳರು. ಅವರಲ್ಲಿ ಒಬ್ಬನೂ ನ್ಯಾಯಮಂಡಳಿಯಲ್ಲಿ ಕೂತಿರಲಿಲ್ಲ.

ಅಂತಿಮ ಐತೀರ್ಪು ಬಂದದ್ದು 2007ರ ಫೆಬ್ರವರಿ 5ರಂದು. ಒಟ್ಟು 740 ಟಿಎಂಸಿಯಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಉಳಿದ 14ರಲ್ಲಿ 10 ಪರಿಸರಕ್ಕೆ, 4 ಹೇಗೂ ಸಮುದ್ರಕ್ಕೆ ಹರಿದುಹೋಗುವ ನೀರಿಗೆ. ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ವರ್ಷಕ್ಕೆ 192 ಟಿಎಂಸಿ ಬಿಡಬೇಕು. ಕಾಯ್ದೆ ಪ್ರಕಾರ ಸ್ಪಷ್ಟನೆ ಬೇಕಾದವರು ಮೂರು ತಿಂಗಳೊಳಗೆ ಅದೇ ಮಂಡಳಿಗೆ ಹೋಗಬಹುದು, ಅಷ್ಟೇ. ಆದರೂ ರಾಜ್ಯಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. ಕೇಂದ್ರ ಸರ್ಕಾರದ ವಾದ ಸರಳವಾಗಿತ್ತು. ಮಂಡಳಿಯ ತೀರ್ಪಿಗೆ ಸುಪ್ರೀಂ ಕೋರ್ಟಿನ ಡಿಕ್ರಿಯಷ್ಟೇ ಬಲ ಅಂತ ಕಾಯ್ದೆಯ 6ನೇ ಕಲಂ ಹೇಳುತ್ತೆ. ಸುಪ್ರೀಂ ಕೋರ್ಟಿನ ಡಿಕ್ರಿಯ ಮೇಲೆ ಸುಪ್ರೀಂ ಕೋರ್ಟಿಗೇ ಅಪೀಲು ಹೇಗೆ ಸಾಧ್ಯ?

2016ರ ಡಿಸೆಂಬರ್ 9ರಂದು ಕೋರ್ಟ್ ಇದನ್ನು ಒಪ್ಪಲಿಲ್ಲ. ವಿವಾದವನ್ನು ಮೊದಲ ಬಾರಿಗೆ ತೀರ್ಮಾನಿಸುವ ಕೆಲಸ ಕೋರ್ಟಿನದಲ್ಲ, ಮಂಡಳಿಯದೇ. ಆದರೆ ಮಂಡಳಿ ತೀರ್ಮಾನಿಸಿದ ಮೇಲೆ ಅದು ಸರಿಯಿದೆಯೇ ಅಂತ ನೋಡುವ ಅಧಿಕಾರವನ್ನು ಸಂವಿಧಾನದ 136ನೇ ವಿಧಿ ಕೊಟ್ಟಿದೆ, ಒಂದು ಸಾಮಾನ್ಯ ಕಾಯ್ದೆ ಅದನ್ನು ಕಿತ್ತುಕೊಳ್ಳಲಾಗದು ಅಂದಿತು.

2018ರ ಫೆಬ್ರವರಿ 16ರಂದು ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ, ಅಮಿತಾವ ರಾಯ್, ಎ. ಎಂ. ಖಾನ್ವಿಲ್ಕರ್ ಅವರಿದ್ದ ಪೀಠದ ತೀರ್ಪು ಬಂತು. ಕೋರ್ಟ್ ಐತೀರ್ಪನ್ನು ಕಿತ್ತೆಸೆಯಲಿಲ್ಲ, ಬಹುಪಾಲು ಹಾಗೇ ಉಳಿಸಿತು. ಎರಡು ಕಡೆ ಮಾತ್ರ ತಿದ್ದಿತು. ತಮಿಳುನಾಡಿನ ಕಡೆ ಇರುವ ಅಂತರ್ಜಲವನ್ನು ಮಂಡಳಿ ಗುರುತಿಸಿದ್ದರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದರಲ್ಲಿ 10 ಟಿಎಂಸಿ ಲೆಕ್ಕಕ್ಕೆ ತಂದಿತು. ಎರಡನೆಯದು ಬೆಂಗಳೂರಿನ ಕುಡಿಯುವ ನೀರು. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಅಂತ ಮಂಡಳಿ ಅಷ್ಟಕ್ಕೇ ನೀರು ಎಣಿಸಿತ್ತು. ಗೆರೆಯ ಆ ಕಡೆಯವರಿಗೆ ಬಾಯಾರಿಕೆ ಆಗಲ್ಲವೇ? ಅದಕ್ಕೆ 4.75 ಟಿಎಂಸಿ ಸೇರಿಸಿತು. ಒಟ್ಟು 14.75. ಕರ್ನಾಟಕದ ಪಾಲು 284.75, ತಮಿಳುನಾಡಿನದು 404.25, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದದ್ದು 177.25. ಹದಿನೈದು ವರ್ಷ ಈ ಹಂಚಿಕೆ ಬದಲಾಗುವುದಿಲ್ಲ. ಜೊತೆಗೆ, 1892 ಮತ್ತು 1924ರ ಒಪ್ಪಂದಗಳು ಬ್ರಿಟಿಷರ ದಬ್ಬಾಳಿಕೆಯಿಂದ ಆದವು, ಅವುಗಳಿಗೆ ಬೆಲೆಯಿಲ್ಲ ಅನ್ನೋ ಕರ್ನಾಟಕದ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಆದರೆ 1924ರ ಒಪ್ಪಂದ ಐವತ್ತು ವರ್ಷಕ್ಕೆ, 1974ಕ್ಕೆ ಮುಗಿಯಿತು ಅಂದಿತು.

1919 ಮತ್ತು 2018ನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಸಲ ‘ಅಂತಿಮ’ ಅನ್ನಿಸಿಕೊಂಡ ತೀರ್ಪನ್ನು ಮೇಲಿನವರು ಮುಟ್ಟಿದರು. ಮೊದಲನೆಯದರಲ್ಲಿ ಸೋತವರ ಯಜಮಾನ, ಇಡೀ ತೀರ್ಪೇ ಹೋಯ್ತು. ಎರಡನೆಯದರಲ್ಲಿ ತೆರೆದ ಕೋರ್ಟು, ಎರಡೂ ಕಡೆಯ ವಕೀಲರು, ಎಲ್ಲಿ ಎಷ್ಟು ತಿದ್ದಿದೆವು, ಯಾಕೆ ಅನ್ನೋದಕ್ಕೆ ನೂರಾರು ಪುಟಗಳ ಕಾರಣ. ತಮಿಳುನಾಡಿಗೆ ಬೇಸರವಾಯ್ತು. ನಮಗೂ ಕೇಳಿದಷ್ಟು ಸಿಗಲಿಲ್ಲ. ಆದರೂ ತೀರ್ಪು ನಿಂತಿತು.

ಇಷ್ಟೆಲ್ಲ ಬರೆದದ್ದು ನದಿಗೆ ಮಾತ್ರ ಸಂಬಂಧಿಸಿದ್ದಲ್ಲ. ದಿನನಿತ್ಯದ ಮಧ್ಯಸ್ಥಿಕೆಯಲ್ಲೂ ಇದೇ ಎಳೆದಾಟ. 1940ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಕೋರ್ಟಿಗೆ ಐತೀರ್ಪನ್ನು ರದ್ದು ಮಾಡುವ, ಹಿಂದಿರುಗಿಸುವ, ಸಣ್ಣಪುಟ್ಟದ್ದನ್ನು ತಿದ್ದುವ ಅಧಿಕಾರಗಳಿದ್ದವು. ಕೋರ್ಟು ಸುತ್ತುವುದೇ ಹೆಚ್ಚಾಯ್ತು. 1981ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡಿ. ಎ. ದೇಸಾಯಿಯವರೇ, ಈ ಕಾಯ್ದೆ ನಡೆಯುತ್ತಿರುವ ರೀತಿ ನೋಡಿ ವಕೀಲರು ನಗುವಂತಾಗಿದೆ ಅಂತ ನೊಂದು ಬರೆದರು. ಹಾಗಾಗಿ 1996ರ ಹೊಸ ಕಾಯ್ದೆಯಲ್ಲಿ ಕೋರ್ಟಿನ ಕೈ ಕಟ್ಟಿದರು. 34ನೇ ಕಲಂನಲ್ಲಿ ಹೇಳಿದ ಕೆಲವೇ ಕಾರಣಗಳಿಗೆ ರದ್ದು ಮಾಡಬಹುದು. ಅದರಲ್ಲೊಂದು ‘ಸಾರ್ವಜನಿಕ ನೀತಿಗೆ ವಿರುದ್ಧ’ ಅನ್ನೋದು. 2003ರಲ್ಲಿ ಒಎನ್‌ಜಿಸಿ ಮತ್ತು ಸಾ ಪೈಪ್ಸ್ ಮೊಕದ್ದಮೆಯಲ್ಲಿ ಕೋರ್ಟ್ ಅದರೊಳಗೆ ‘ಎದ್ದು ಕಾಣುವ ಕಾನೂನುಬಾಹಿರತೆ’ಯನ್ನೂ ಸೇರಿಸಿ ಬಾಗಿಲು ಅಗಲ ಮಾಡಿತು. 2015ರ ತಿದ್ದುಪಡಿ ಅದನ್ನು ಮತ್ತೆ ಕಿರಿದು ಮಾಡಿತು.

ಉಳಿದಿದ್ದ ಪ್ರಶ್ನೆ: ಕೋರ್ಟು ಐತೀರ್ಪನ್ನು ಪೂರ್ತಿ ರದ್ದು ಮಾಡಬಹುದು ಸರಿ, ತಿದ್ದಬಹುದೇ? ಬಡ್ಡಿಯ ಲೆಕ್ಕವೊಂದು ತಪ್ಪಿದೆ ಅಂತ ಹತ್ತು ವರ್ಷದ ಮಧ್ಯಸ್ಥಿಕೆಯನ್ನೇ ಮೊದಲಿಂದ ಶುರು ಮಾಡಬೇಕೇ? 2025ರ ಏಪ್ರಿಲ್ 30ರಂದು ಗಾಯತ್ರಿ ಬಾಲಸಾಮಿ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಉತ್ತರ ಕೊಟ್ಟಿತು. ನಾಲ್ವರು ಹೇಳಿದ್ದು: ಬೇರ್ಪಡಿಸಬಹುದಾದ ಭಾಗ, ಕಣ್ಣಿಗೆ ಕಾಣುವ ಲೆಕ್ಕದ ತಪ್ಪು, ತೀರ್ಪಿನ ನಂತರದ ಬಡ್ಡಿ, ಇಂಥ ಕೆಲವು ಕಡೆ ಮಿತವಾಗಿ ತಿದ್ದಬಹುದು. ನ್ಯಾಯಮೂರ್ತಿ ಕೆ. ವಿ. ವಿಶ್ವನಾಥನ್ ಒಪ್ಪಲಿಲ್ಲ. ಕಾಯ್ದೆ ಕೊಡದ ಅಧಿಕಾರವನ್ನು ಕೋರ್ಟು ತಾನೇ ತೆಗೆದುಕೊಳ್ಳಬಾರದು ಅನ್ನೋದು ಅವರ ನಿಲುವು. ಎರಡು ಕಡೆಯೂ ತೂಕವಿದೆ. ತಿದ್ದುವ ಕೈ ಚಿಕ್ಕದಾಗಿ ಶುರುವಾಗಿ ದೊಡ್ಡದಾಗುತ್ತೆ ಅನ್ನೋ ಭಯ ಅವರದು. ಕಾವೇರಿ ಕೊಳ್ಳದಲ್ಲಿ ಹುಟ್ಟಿದ ನನಗೆ ಮಾತ್ರ ನಾಲ್ವರ ಮಾತೇ ಹತ್ತಿರವಾಗಿ ಕಂಡಿತು. ಪೂರ್ತಿ ಕೆಡವುವುದರ ಬೆಲೆ ಎಷ್ಟು ಅಂತ 1919 ತೋರಿಸಿಕೊಟ್ಟಿದೆ.

ಕೊನೆಗೆ ನಮಗೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. 2018ರ ಹದಿನೈದು ವರ್ಷ ಮುಗಿಯುವುದು 2033ಕ್ಕೆ. ಮತ್ತೆ ಲೆಕ್ಕ ಶುರುವಾದಾಗ ತೀರ್ಪು ನಮಗೆ ವಿರುದ್ಧವಾಗಿ ಬಂದರೆ ನಾವು ಯಾವ ದಾರಿ ಹಿಡಿಯುತ್ತೇವೆ? 1919ರ ದಾರಿಯೋ, 1991ರ ದಾರಿಯೋ, 2018ರ ದಾರಿಯೋ? ಗೆದ್ದಾಗ ಕೋರ್ಟನ್ನು ಹೊಗಳಿ, ಸೋತಾಗ ‘ನಮ್ಮೋರು’ ಯಾರಾದರೂ ತಡೀಲಿ ಅನ್ನೋದು ಸುಲಭ. ಅಣ್ಣನ ಹೆಂಡತಿಯ ದೊಡ್ಡಪ್ಪನೂ ಅಣ್ಣನಿಗೆ ‘ನಮ್ಮೋರೇ’ ಆಗಿದ್ದರು.

ಅಂದ ಹಾಗೆ, ಆ ಪಾಲಿನ ಜಗಳ ಏನಾಯ್ತು ಅಂತ ಹೇಳಲೇ ಇಲ್ಲ. ಪಂಚರು ಎದ್ದು ಬಂದ ಮೇಲೆ ತಮ್ಮ ಕೋರ್ಟಿಗೆ ಹೋದ. ಹನ್ನೊಂದು ವರ್ಷ ನಡೆಯಿತಂತೆ. ಕೊನೆಗೆ ತೂಬಿನ ಪಕ್ಕದ ಗದ್ದೆ ಅವನಿಗೇ ಆಯ್ತು. ಆದರೆ ನಡುವೆ ಓಡಾಡಲು ದಾರಿ ಬಿಡಬೇಕು ಅಂತ ಕೋರ್ಟು ಒಂದು ಸಾಲು ಸೇರಿಸಿತು. ಪಂಚರು ಅದನ್ನು ಮರೆತಿದ್ದರು. ತಾತ ಆ ಮಾತು ಬಂದಾಗ ನಗುತ್ತಾ, ‘ಅದೊಂದು ನಮ್ದೇ ತೆಪ್ಪು ಕಣ್ಲಾ’ ಅನ್ನುತ್ತಿದ್ದರು. ಆ ದಾರಿ ಈಗಲೂ ಇದೆ. ಊರಿಗೆ ಹೋದಾಗ ನಾನು ಗದ್ದೆಗೆ ಇಳಿಯುವುದು ಅದರಲ್ಲೇ.